ಶಾನುಭೋಗರ ಕಡತ

ಮೈಸೂರು ಸೀಮೆಯ ಲೆಕ್ಕಪತ್ರ ಪರಂಪರೆ, 18–19ನೇ ಶತಮಾನ
ಬಟ್ಟೆ, ಹುಣಸೆಬೀಜದ ಸರಿ, ಇದ್ದಿಲ ಪುಡಿ; ಬಳಪದ ಬರಹ

ಹೊಂಗನೂರಿನಂಥ ಹಳ್ಳಿಗಳಲ್ಲಿ ಯಾರ ಹೊಲ ಎಷ್ಟು, ಕಂದಾಯ ಎಷ್ಟು ಎಂಬುದನ್ನೆಲ್ಲ ಶಾನುಭೋಗರು ಬರೆದಿಡುತ್ತಿದ್ದರು. ಕಾಗದ ಎಲ್ಲರ ಕೈಗೂ ಸಿಗುವ ಮೊದಲು ಅವರ ಪುಸ್ತಕ ಇದೇ.

ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲನ್ನು ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ, ಹಿಂದೆ ಮುಂದೆ ಮಡಿಸಿ, ಎರಡು ತುದಿಗೂ ಹಲಗೆ ಕಟ್ಟುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸ ಗ್ರಂಥದಲ್ಲಿ ಈ ವಿಧಾನವನ್ನು ವಿವರವಾಗಿ ವರ್ಣಿಸಿದ್ದಾನೆ.

ಮಡಿಕೆಯ ಅಂಚುಗಳನ್ನು ಗಮನಿಸಿ. ಅತಿ ಹೆಚ್ಚು ಕೈಯಾಡಿದ ಜಾಗ ಅದು; ಅಕ್ಷರ ಮೊದಲು ಮಾಸುವುದೂ ಅಲ್ಲೇ. ಒರೆಸಿದ ಸಾಲಿನ ಮೇಲೆ ಇನ್ನೊಂದು ಸಾಲು ಬರೆದಿದ್ದರೆ ಹಳೆಯದರ ನೆರಳು ಓರೆ ಬೆಳಕಿನಲ್ಲಿ ಕಂಡೀತು.

ಶೃಂಗೇರಿ ಮಠ ತನ್ನ ಕಡತಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದದ್ದೂ ಅಲ್ಲಿಯ ದಾಖಲೆಗಳಲ್ಲೇ. ಹಳ್ಳಿಯ ಶಾನುಭೋಗಿಕೆಗೆ ಅಂಥ ಆಸರೆ ಇರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಜಾರಿಯಾದಾಗ ಆ ಕೆಲಸವೇ ನಿಂತಿತು.

ನಿಮ್ಮ ಅಟ್ಟದಲ್ಲಿ ಇಂಥ ಕಟ್ಟು ಇದ್ದರೆ ದಯವಿಟ್ಟು ಒದ್ದೆ ಬಟ್ಟೆ ತಾಗಿಸಬೇಡಿ, ಒಂದೇ ಒರೆತಕ್ಕೆ ಬರಹ ಹೋಗುತ್ತದೆ.