ಮೂಕಿಯ ಮೇಲಿನ ಭಾರ

ಟ್ರೇಲರ್ ಎಳೆಯುವ ವಿದ್ಯೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಎಂಜಿನ್ನಿನಿಂದ ಶುರುಮಾಡುತ್ತಾರೆ. ನಾನು ಕುಲುಮೆಯಿಂದ ಶುರುಮಾಡುತ್ತೇನೆ. ನಾನಿರುವ ಡೆಟ್ರಾಯಿಟ್ ಸೀಮೆಯಲ್ಲೇ, 1914ರಲ್ಲಿ, ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಬಳಿಗೆ ಫ್ರೆಡರಿಕ್ ಸಿಬ್ಲಿ ಎಂಬ ಮರದ ವ್ಯಾಪಾರಿ ಬಂದ. ಅವನಿಗೆ ತನ್ನ ದೋಣಿಯನ್ನು ದೂರದ ಸರೋವರಕ್ಕೆ ಸಾಗಿಸಬೇಕಿತ್ತು. ಕೈಯಲ್ಲಿದ್ದದ್ದು ಒಂದು ಫೋರ್ಡ್ ಮಾಡೆಲ್ ಟಿ ಕಾರು. ಫ್ರೂಹಾಫ್ ದೋಣಿಗೊಂದು ಬಂಡಿ ಮಾಡಿ, ಅದರ ಮುಂದಿನ ತುದಿಯನ್ನು ಕಾರಿನ ಹಿಂಭಾಗದ ಮೇಲೆ ಕೂರಿಸಿಕೊಟ್ಟ. ಅಂದರೆ ಕಾರು ಭಾರವನ್ನು ಎಳೆಯಿತಷ್ಟೇ ಅಲ್ಲ, ಒಂದಷ್ಟನ್ನು ಹೊತ್ತಿತು ಕೂಡ. ಮುಂದಿನ ನೂರು ವರ್ಷಗಳ ತಂಟೆ ತಕರಾರೆಲ್ಲ ಈ ಹೊರುವ ಲೆಕ್ಕದ್ದೇ.

ನನ್ನ ವೃತ್ತಿಜೀವನ ಕಳೆದದ್ದು ವಾಹನಗಳ ಬ್ರೇಕುಗಳ ನಡುವೆ. ಈಗ ನಿವೃತ್ತನಾಗಿ, 28 ಅಡಿಯ ಕ್ಯಾಂಪರನ್ನು ಪಿಕಪ್ಪಿನ ಬೆನ್ನಿಗೆ ಕಟ್ಟಿಕೊಂಡು ಮನೆಯಾಕೆಯ ಜೊತೆ ಊರೂರು ಸುತ್ತುತ್ತೇನೆ. ಹಾಗಾಗಿ ಈ ಚರಿತ್ರೆಯನ್ನು ನಾನು ಓದುವುದು ನಿಲ್ಲಿಸುವವನ ಕಣ್ಣಿನಿಂದ.

1919ರ ಹೊತ್ತಿಗೆ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಹುಟ್ಟಿತ್ತು. ಕಾರಿನಲ್ಲಿ ಡೇರೆ, ಪಾತ್ರೆ ಪಡಗ ತುಂಬಿಕೊಂಡು ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವವರ ಸಂಘ ಅದು. ಹತ್ತು ವರ್ಷದ ನಂತರ ಡೆಟ್ರಾಯಿಟ್ ಕಡೆಯ ಆರ್ಥರ್ ಶರ್ಮನ್ ಎಂಬ ಬ್ಯಾಕ್ಟೀರಿಯಾಶಾಸ್ತ್ರಜ್ಞ, ಮಳೆಯಲ್ಲಿ ಬಿಚ್ಚಲಾಗದ ಡೇರೆ ಟ್ರೇಲರಿನಿಂದ ಬೇಸತ್ತು, 6 ಅಡಿ ಅಗಲ 9 ಅಡಿ ಉದ್ದದ ಗಟ್ಟಿಗೋಡೆಯ ಪೆಟ್ಟಿಗೆಯೊಂದನ್ನು ಮಾಡಿಸಿದ. ಜನ ಮುಗಿಬಿದ್ದರು. ಅವನ ‘ಕವರ್ಡ್ ವ್ಯಾಗನ್’ ಕಂಪನಿ 1936ರ ವೇಳೆಗೆ ದೇಶದಲ್ಲೇ ಅತಿ ಹೆಚ್ಚು ಟ್ರೇಲರ್ ಮಾಡುವ ಕಂಪನಿಯಾಗಿತ್ತು.

ಈ ಕಸುಬಿಗೆ ವಿಮಾನದವರೂ ಕೈಹಾಕಿದರು. ಹಗುರಾಗಿ ಕಟ್ಟುವ ವಿದ್ಯೆ ಅವರಿಗೆ ಗೊತ್ತಿತ್ತು. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣದಲ್ಲಿ ದುಡಿದ ಹಾಲಿ ಬೌಲಸ್, 1934ರಲ್ಲಿ ಅಲ್ಯುಮಿನಿಯಮ್ ತಗಡಿಗೆ ರಿವೆಟ್ ಹೊಡೆದು ‘ರೋಡ್ ಚೀಫ್’ ಮಾಡಿದ. ವಾಲಿ ಬಯಮ್ ಅದೇ ಜಾಡಿನಲ್ಲಿ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದ. ಅವರಿಗೂ ಮೊದಲೇ, ವೈಮಾನಿಕ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ ‘ಏರೋಕಾರ್’ ಕಟ್ಟಿದ್ದ. ವಿಮಾನದ ಟೈರೊಂದನ್ನು ಕಾರಿನ ಹಿಂಬದಿಯಲ್ಲಿ ಅಡ್ಡ ಮಲಗಿಸಿ, ಟ್ರೇಲರಿನ ಮೂತಿಯನ್ನು ಅದರ ನಡುವೆ ಇಳಿಬಿಟ್ಟಿದ್ದ. ರಸ್ತೆಯ ಕುಲುಕಾಟವನ್ನೆಲ್ಲ ಆ ಗಾಳಿ ತುಂಬಿದ ರಬ್ಬರು ನುಂಗಿಕೊಳ್ಳುತ್ತಿತ್ತು.

ಕರ್ಟಿಸ್‌ನಿಂದ 1909ರಲ್ಲಿ ವಿಮಾನ ಕೊಂಡು ವಿಸ್ಕಾನ್ಸಿನ್ನಿನ ಬೆಲಾಯ್ಟ್‌ನಲ್ಲಿ ಹಾರಿಸಿದವನು ಆರ್ಥರ್ ವಾರ್ನರ್, ಸ್ಪೀಡೋಮೀಟರ್ ಮಾಡಿ ಹಣ ಕಂಡವನು. 1927ರಲ್ಲಿ ಈ ವಾರ್ನರ್ ಎಲೆಕ್ಟ್ರಿಕ್ ಬ್ರೇಕಿನ ಕಂಪನಿ ತೆರೆದ. ನನ್ನ ಮಟ್ಟಿಗೆ ಈ ಚರಿತ್ರೆಯ ನಾಯಕ ಅವನೇ. ಅವನ ಕಂಪನಿ ಬೆಳೆಸಿದ ಟ್ರೇಲರ್ ಬ್ರೇಕಿನ ತತ್ವ ಇಂದಿಗೂ ನನ್ನ ಕ್ಯಾಂಪರಿನ ಚಕ್ರದೊಳಗಿದೆ. ತಿರುಗುವ ಡ್ರಮ್ಮಿನ ಒಳಮುಖಕ್ಕೆ ಅಂಗೈಗಿಂತ ಚಿಕ್ಕದೊಂದು ವಿದ್ಯುತ್‌ಕಾಂತ ತಾಗಿಕೊಂಡಿರುತ್ತದೆ. ಕರೆಂಟು ಹರಿದೊಡನೆ ಅದು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಡ್ರಮ್ಮು ಅದನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಆ ಎಳೆತಕ್ಕೆ ಸನ್ನೆಕೋಲು ವಾಲಿ ಬ್ರೇಕ್ ಶೂಗಳನ್ನು ಹಿಗ್ಗಿಸುತ್ತದೆ. ಕರೆಂಟು ಹೆಚ್ಚಿದಷ್ಟೂ ಹಿಡಿತ ಬಿಗಿ. ಕೊಂಡಿ ಕಳಚಿ ಟ್ರೇಲರು ಬೇರೆಯಾದರೆ ತಂತಿಯೊಂದು ಪಿನ್ನನ್ನು ಕೀಳುತ್ತದೆ, ಟ್ರೇಲರಿನದೇ ಬ್ಯಾಟರಿ ಬ್ರೇಕು ಹಿಡಿಯುತ್ತದೆ.

ಚಾಲಕನ ಮೊಣಕಾಲ ಬಳಿ ಟ್ರೇಲರಿನ ಬ್ರೇಕನ್ನಷ್ಟೇ ಹಿಡಿಯುವ ಪುಟ್ಟ ಕೈಗುಂಡಿಯೂ ಇರುತ್ತದೆ. ಕ್ಯಾಂಪರಿನ ಬಾಲ ಓಲಾಡತೊಡಗಿದಾಗ ಪ್ರಾಣ ಉಳಿಸುವುದು ಅದೇ. ಗಾಬರಿಯಲ್ಲಿ ಪಿಕಪ್ಪಿನ ಬ್ರೇಕು ಒತ್ತಿದರೆ ಹಿಂದಿನದು ಮುಂದಿನದನ್ನು ತಳ್ಳಿಕೊಂಡು ಬರುತ್ತದೆ. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಕೈಗುಂಡಿಯಿಂದ ಟ್ರೇಲರನ್ನು ಮಾತ್ರ ಹಿಂದಕ್ಕೆ ಜಗ್ಗಬೇಕು. ಆಗ ಬಾಲ ತಾನಾಗಿ ಸಾಲಿಗೆ ಬರುತ್ತದೆ.

ಓಲಾಟದ ಮೂಲ ಸಾಮಾನು ಹೇರುವುದರಲ್ಲಿದೆ. ತಿಪಟೂರಿನ ಕಡೆ ಕಾಯಿ ಹೇರುತ್ತಿದ್ದ ಗಾಡಿಯವರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಕ್ಯಾಂಪರಿನ ಲೆಕ್ಕವೂ ಅಷ್ಟೆ: ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮೂತಿಯ ಮೇಲೆ ಕೂರಬೇಕು. ಕಡಿಮೆಯಾದರೆ, ಪಕ್ಕದಲ್ಲಿ ಲಾರಿ ಹಾದಾಗ ಬೀಸುವ ಗಾಳಿಯೇ ಸಾಕು.

ಆದರೆ ಮೂತಿಯ ಭಾರ ಕಾರಿನ ಬೆನ್ನು ಬಗ್ಗಿಸುತ್ತಿತ್ತು. ಮೊದಮೊದಲು ಎಷ್ಟೋ ಜನ ಬಂಪರಿಗೇ ಕೊಂಡಿ ಬಿಗಿಯುತ್ತಿದ್ದರು. ಹಿಂಭಾಗ ಕುಸಿದು ಮೂಗು ಮೇಲೇಳುವುದು, ಹೆಡ್‌ಲೈಟು ಮರದ ತುದಿಗೆ ಬೀಳುವುದು, ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳದಿರುವುದು ಮಾಮೂಲಾಗಿತ್ತು. ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ, ಸ್ಪ್ರಿಂಗು ಸರಳುಗಳಿಂದ ಭಾರ ಹಂಚುವ ಕೊಂಡಿ ಇದಕ್ಕೆ ಉತ್ತರ. ಸರಳುಗಳನ್ನು ಸರಪಳಿಯಿಂದ ಮೇಲಕ್ಕೆ ಬಿಗಿದರೆ, ಹಿಂದಿನ ಆಕ್ಸಲಿನ ಭಾರದಲ್ಲಿ ಸ್ವಲ್ಪ ಮುಂದಿನ ಚಕ್ರಗಳಿಗೆ, ಸ್ವಲ್ಪ ಟ್ರೇಲರಿನ ಚಕ್ರಗಳಿಗೆ ಹೋಗುತ್ತದೆ.

ಆ ಕಾಲದ ಅವಾಂತರ ನೋಡಬೇಕಾದರೆ 1954ರ ‘ದಿ ಲಾಂಗ್, ಲಾಂಗ್ ಟ್ರೇಲರ್’ ಸಿನಿಮಾ ಇದೆ. ಲೂಸಿಲ್ ಬಾಲ್ ಹೋದಲ್ಲೆಲ್ಲ ಕಲ್ಲು ಆಯ್ದು ಟ್ರೇಲರಿನಲ್ಲಿ ಬಚ್ಚಿಡುತ್ತಾಳೆ; ಆ ಭಾರ ಹೊತ್ತು ಕಾರು ಬೆಟ್ಟದ ಕಡಿದಾದ ದಾರಿ ಹತ್ತಬೇಕು. ಜನ ನಕ್ಕರು. ನಾನು ಮಾತ್ರ ಅದನ್ನು ಪೇಲೋಡಿನ, ಅಂದರೆ ವಾಹನ ಹೊರಬಲ್ಲ ಭಾರದ, ಪಾಠದಂತೆ ನೋಡುತ್ತೇನೆ.

1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಕಾರುಗಳು ಚಿಕ್ಕವಾದವು. ದೊಡ್ಡ ಕ್ಯಾಂಪರ್ ಪಿಕಪ್ಪಿನ ಪಾಲಾಯಿತು. 1989ರ ಡಾಡ್ಜ್ ಪಿಕಪ್ಪಿಗೆ ಬಂದ ಕಮಿನ್ಸ್ ಡೀಸೆಲ್ 400 ಪೌಂಡ್-ಅಡಿ ಟಾರ್ಕ್ ಕೊಟ್ಟು ಬೆರಗು ಹುಟ್ಟಿಸಿತು. ಮೂವತ್ತು ವರ್ಷದಲ್ಲಿ ಅದು 1,000ಕ್ಕೆ ಮುಟ್ಟಿತು. ಜೊತೆಗೇ ಜಾಹೀರಾತಿನ ಜಿದ್ದು ಏರಿತು. ಎಷ್ಟು ಎಳೆಯುತ್ತದೆ ಎಂಬುದನ್ನು ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಿಂದ ಅಳೆದುಕೊಳ್ಳುತ್ತಿತ್ತು.

ಇದಕ್ಕೆ ಲಗಾಮು ಬಿದ್ದದ್ದು ಎಳೆಯುವ ಸಾಮರ್ಥ್ಯ ಅಳೆಯುವ 2008ರ ಜೆ2807 ಮಾನದಂಡದಿಂದ. ಅದರ ಪರೀಕ್ಷೆಗೆ ಆಧಾರ ಅರಿಜೋನಾದ ಡೇವಿಸ್ ಡ್ಯಾಮ್ ಏರು: 11.4 ಮೈಲಿಯ ಚಡಾವು, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಏಸಿ ಪೂರ್ತಿ ಚಾಲೂ. ಸಾಮಾನ್ಯ ಪಿಕಪ್ಪು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಕೂಡದು. 2011ರಲ್ಲಿ ಟೊಯೊಟಾ ಮೊದಲು ಇದಕ್ಕೆ ಒಪ್ಪಿತು. ಅದರ ಟುಂಡ್ರಾದ ಅಂಕಿ ಕೆಳಗಿಳಿಯಿತು. ಉಳಿದ ದೊಡ್ಡ ಕಂಪನಿಗಳು ಬರಲು ಇನ್ನೂ ಕೆಲವು ವರ್ಷ ಹಿಡಿಯಿತು.

ಆದರೂ ಆ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಮೊನ್ನೆ ನಮ್ಮ ಕನ್ನಡ ಕೂಟದ ಮೈಸೂರಿನ ಹುಡುಗನೊಬ್ಬ ಹೊಸ ಪಿಕಪ್ ತೋರಿಸಲು ಬಂದಿದ್ದ. “ಅಂಕಲ್, 11,000 ಪೌಂಡ್ ಎಳೆಯುತ್ತಂತೆ. ನಾವು ನೋಡಿರೋ ಕ್ಯಾಂಪರ್ ತುಂಬಿದ ಮೇಲೂ ಬರೀ 8,000.”

“ಬಾಗಿಲು ತೆಗಿಯಪ್ಪಾ, ಚೌಕಟ್ಟಿನ ಚೀಟಿ ಓದು.”

ಜನ, ಸಾಮಾನು ಸೇರಿ 1,560 ಪೌಂಡ್ ಎಂದಿತ್ತು. ಮೂತಿಯ ಭಾರ ನೂರಕ್ಕೆ 13 ಅಂದರೆ 1,040. ಕೊಂಡಿಯದೇ 100. ಉಳಿದದ್ದು 420. ಗಂಡ ಹೆಂಡತಿ, ಇಬ್ಬರು ಮಕ್ಕಳು ಸೇರಿದರೆ 460.

“ಒಬ್ಬರನ್ನ ಬಿಟ್ಟು ಹೋಗಬೇಕಾ ಅಂಕಲ್?” ಅಂದ, ನಗುತ್ತ.

ಬೇಡ, ಚಿಕ್ಕ ಕ್ಯಾಂಪರ್ ನೋಡು ಅಂದೆ; ಇಲ್ಲವೇ ಒಂದು ಮೆಟ್ಟಿಲು ದೊಡ್ಡ ಪಿಕಪ್. ಅಂಗಡಿಯವನು ಎಳೆಯುವ ಅಂಕಿಯನ್ನು ಗೋಡೆಗೆ ಬರೆಸುತ್ತಾನೆ. ಹೊರುವ ಅಂಕಿ ಬಾಗಿಲ ಸಂದಿಯಲ್ಲಿರುತ್ತದೆ. ಕೊಳ್ಳುವವರು ಮೊದಲು ಓದಬೇಕಾದದ್ದು ಸಂದಿಯಲ್ಲಿರುವುದನ್ನು.