ಚೌರಮ್ಮ, ಇನ್ನಾಸಮ್ಮ, ಆರೋಗ್ಯಮ್ಮ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಸಡಗರದಿಂದ ಆಚರಿಸುವ ನಾವು, ನಾಲ್ಕೇ ದಿನಕ್ಕೆ ಬರುವ ಇನ್ನೊಂದು ಚಿಕ್ಕ ಹಬ್ಬವನ್ನು ಮರೆತುಬಿಡುತ್ತೇವೆ. 12ರಂದು ಆ ತಾಯಿಯ ಪವಿತ್ರ ನಾಮದ ಸ್ಮರಣೆ. 1683ರ ಅದೇ ದಿನ ಪೋಲೆಂಡಿನ ಅರಸ ಸೊಬಿಯೆಸ್ಕಿಯ ಸೇನೆ ಮಿತ್ರಪಡೆಗಳೊಡನೆ ವಿಯೆನ್ನಾ ನಗರವನ್ನು ಮುತ್ತಿಗೆಯಿಂದ ಬಿಡಿಸಿತು. ಆ ಕೃತಜ್ಞತೆಗಾಗಿ ಜಗದ್ಗುರು 11ನೇ ಇನ್ನೊಸೆಂಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪಂಚಾಂಗದಿಂದ ಬಿಟ್ಟುಹೋಗಿದ್ದ ಇದು 2002ರ ಪೂಜಾಗ್ರಂಥದಲ್ಲಿ ಮರಳಿ ಬಂತು. ಒಂದು ಹೆಸರಿಗೇ ಒಂದು ಹಬ್ಬ! ನಮ್ಮ ಅಜ್ಜಿಯರ ಹೆಸರುಗಳ ಗತಿ ಏನಾಗಿದೆ?

ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದಾಗಲೆಲ್ಲ ನಮಗೆ ಈ ಹೆಸರುಗಳು ಎದುರಾಗುತ್ತವೆ: ಚೌರಮ್ಮ, ಇನ್ನಾಸಮ್ಮ, ರಾಯಮ್ಮ, ಲೂರ್ದಮ್ಮ, ಆರೋಗ್ಯಮ್ಮ. ಇಂದಿನ ಮಕ್ಕಳಿಗೆ ಇವು ನಗೆಯ ವಸ್ತು. ಆದರೆ ಒಂದೊಂದರ ಬೆನ್ನಿಗೂ ಒಂದೊಂದು ಚರಿತ್ರೆಯಿದೆ.

17ನೇ ಶತಮಾನದ ನಡುವಿನಲ್ಲಿ ಯೇಸುಸಭೆಯ ಗುರು ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದರು. ತಮಿಳು ನಾಡಿನ ಕ್ರೈಸ್ತರಲ್ಲಿ ರೂಢಿಯಾದ ಹೆಸರುಗಳು ನಮ್ಮ ಸೀಮೆಯಲ್ಲೂ ಬೇರೂರಿದವು. ಪೇತ್ರರು ರಾಯಪ್ಪರಾದರು. ಪೌಲ ಎಂದರೆ ಲತೀನಿನಲ್ಲಿ ಚಿಕ್ಕವನು; ಆದ್ದರಿಂದ ಅವರು ಚಿನ್ನಪ್ಪರಾದರು. ಇಗ್ನಾಸಿಯವರು ಇನ್ನಾಸಪ್ಪರಾದರು. ಇವುಗಳ ಕೊನೆಗೆ 'ಅಮ್ಮ' ಸೇರಿಸಿದರೆ ಹೆಣ್ಣುಮಗುವಿಗೂ ಹೆಸರು ಸಿದ್ಧ! 1521ರಲ್ಲಿ ಪಂಪಲೋನದ ಕೋಟೆಯಲ್ಲಿ ಕಾಲಿಗೆ ಗುಂಡು ತಗುಲಿದ ಸ್ಪೇನಿನ ಯೋಧನ ಹೆಸರನ್ನು ಹೊತ್ತು ನಮ್ಮ ಇನ್ನಾಸಮ್ಮಂದಿರು ರಾಗಿ ಬೀಸಿದರು, ಬಾವಿಯಿಂದ ನೀರು ಸೇದಿದರು.

ಚೌರಮ್ಮ ಇನ್ನೂ ವಿಚಿತ್ರ. 1542ರಲ್ಲಿ ಗೋವೆಗೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು ಅವರು ಹುಟ್ಟಿದ ಕೋಟೆಯದು. ಬಾಸ್ಕ್ ಭಾಷೆಯಲ್ಲಿ ಅದರ ಮೂಲಾರ್ಥ 'ಹೊಸಮನೆ'. ಅದು ತಮಿಳಿನಲ್ಲಿ ಸವೇರಿಯಾರ್ ಆಗಿ, ನಮ್ಮಲ್ಲಿ ಚೌರಪ್ಪ, ಚೌರಮ್ಮ ಆಯಿತು. ನಮ್ಮ ಊರುಗಳಲ್ಲಿ ಹೊಸಮನೆಯವರು ಇಲ್ಲವೇ? ನಗುವವರು ಇದನ್ನು ತಿಳಿದು ನಗಲಿ. ಲೂರ್ದಮ್ಮ 1858ರಲ್ಲಿ ಬರ್ನದೆತ್ತಳಿಗಾದ ದರ್ಶನದ ನೆನಪು. ಆರೋಗ್ಯಮ್ಮ ವೇಳಾಂಗಣ್ಣಿಯ ಆರೋಗ್ಯ ಮಾತೆಯ ಹೆಸರು. ಕಾಯಿಲೆಯ ಮಗು ಬದುಕಲೆಂದು ತಾಯಂದಿರು ಹೊತ್ತ ಹರಕೆಯೂ ಎಷ್ಟೋ ಕಡೆ ಅದರಲ್ಲಿ ಅಡಗಿದೆ.

1917ರ ಧರ್ಮಸಭೆಯ ಕಾನೂನು ಮಗುವಿಗೆ ಕ್ರೈಸ್ತ ಹೆಸರಿಡಿಸುವ ಹೊಣೆಯನ್ನು ಗುರುವಿಗೆ ಒಪ್ಪಿಸಿತ್ತು. ತಂದೆತಾಯಿ ಒಪ್ಪದಿದ್ದರೆ ಗುರುವೇ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ದಾಖಲಿಸಬೇಕಿತ್ತು. 1983ರ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡವೆಂದಷ್ಟೇ ಹೇಳುತ್ತದೆ. ಈ ಸ್ವಾತಂತ್ರ್ಯ ಒಳ್ಳೆಯದೇ. ಆದರೆ ಸ್ವಾತಂತ್ರ್ಯದ ಜೊತೆಗೆ ನಾಚಿಕೆಯೂ ಬಂದಿತೇ?

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಒಮ್ಮೆ ಒಬ್ಬ ತಂದೆ ಮಗಳಿಗೆ ಎರಡನೆಯ ಹೆಸರಾಗಿ ತನ್ನ ತಾಯಿಯ ಹೆಸರನ್ನು ಬರೆಸಲು ಬಂದರು. ಬಂಧುಗಳು ನಕ್ಕರು. ನಾವೂ ನಕ್ಕು, "ಸ್ಕೂಲಿನಲ್ಲಿ ಮಗುವಿಗೆ ಕಷ್ಟವಾಗುತ್ತದಲ್ಲ" ಎಂದೆವು. ಅವರು ಸುಮ್ಮನೆ ತಲೆಯಾಡಿಸಿದರು, ಹೆಸರು ಬಿಟ್ಟುಹೋಯಿತು. ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುವರ್ಷ ಅವರ ಅಂತ್ಯಕ್ರಿಯೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿದಾಗ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಆಕೆ ಕೇವಲ 'ಅಜ್ಜಿ'. ನಮ್ಮ ದನಿ ತಡವರಿಸಿತು.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಪ್ರಭುವನ್ನು ತೋಟಗಾರನೆಂದೇ ಭಾವಿಸಿದ್ದಳು. ಅವರು ಹೆಸರು ಹಿಡಿದು ಕರೆದಾಗಲೇ ಆಕೆಗೆ ಗುರುತು ಸಿಕ್ಕಿತು. ಹೆಸರು ಅಷ್ಟು ದೊಡ್ಡದು.

ಈ ಹಬ್ಬದಂದು ನಿಮ್ಮ ಮನೆಯ ಹಿರಿಯ ತಾಯಿಯ ಬಳಿ ಕುಳಿತು, ಅವರ ಜ್ಞಾನಸ್ನಾನದ ಹೆಸರೇನು, ಅದನ್ನು ಇಟ್ಟವರು ಯಾರು ಎಂದು ಕೇಳಿರಿ. ಕೇಳಿದ್ದನ್ನು ಕುಟುಂಬದ ಬೈಬಲಿನ ಮೊದಲ ಪುಟದಲ್ಲಿ ಬರೆದಿಡಿರಿ. ಮುಂದೆ ಯಾರಾದರೂ ಅಜ್ಜಿಯ ಹೆಸರನ್ನು ಮಗುವಿಗೆ ಇಡಬೇಕೆಂದು ಬಂದರೆ, ನಾವು ನಗದೆ ಬರೆದುಕೊಳ್ಳುತ್ತೇವೆ.