ಸಂಸ್ಕರಿತ ಮಾಂಸ: ಆಯ್ಕೆ ಮತ್ತು ಅಡುಗೆ

ಕೆಡದಂತೆ ಇಡಲು ಅಥವಾ ರುಚಿ ಕಟ್ಟಲು ಉಪ್ಪು ಹಚ್ಚಿ, ಹುಳಿ ಬರಿಸಿ, ಹೊಗೆ ಹಿಡಿಸಿ ಇಲ್ಲವೇ ನೈಟ್ರೈಟ್‌ನಂಥ ಲವಣ ಬೆರೆಸಿ ಮಾರ್ಪಡಿಸಿದ ಮಾಂಸವನ್ನು ಸಂಸ್ಕರಿತ ಮಾಂಸ ಎನ್ನುತ್ತಾರೆ. ಪೇಟೆಯಲ್ಲಿ ಸಿಗುವ ಬೇಕನ್, ಹ್ಯಾಮ್, ಸಾಸೇಜ್, ಸಲಾಮಿ, ಡಬ್ಬಿ ಮಾಂಸ ಇದರ ಮುಖ್ಯ ಬಗೆಗಳು. ಗೋವಾದ ಚೋರಿಸ್, ಕೊಡಗಿನಲ್ಲಿ ಒಲೆಯ ಹೊಗೆಗೆ ಕಟ್ಟಿ ಒಣಗಿಸುವ ಮಾಂಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕುವ ಒಣಬಾಡು ಇವೂ ಇದೇ ಕುಲದವು. ಹಸಿ ಮಾಂಸದ ಕೈಮಾ ಈ ಗುಂಪಿಗೆ ಸೇರುವುದಿಲ್ಲ. ಕೋಳಿಮಾಂಸದ ಸಾಸೇಜ್ ಸೇರುತ್ತದೆ. ಕೆಂಪು ಮಾಂಸ ಬಿಟ್ಟು ಕೋಳಿ ಸಾಸೇಜ್‌ಗೆ ಬದಲಾದವರು ಕೊಬ್ಬನ್ನು ಕಡಿಮೆ ಮಾಡಿಕೊಂಡಿರಬಹುದು, ಉಪ್ಪನ್ನೂ ನೈಟ್ರೈಟನ್ನೂ ಅಲ್ಲ.

ಫ್ರಾನ್ಸ್‌ನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರಿನಲ್ಲಿ ಸಂಸ್ಕರಿತ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 10 ದೇಶಗಳ 22 ತಜ್ಞರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಕೊಟ್ಟ ತೀರ್ಮಾನ ಅದು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಹಾಗಾಗಿ ‘ಬೇಕನ್ ತಿಂದರೆ ಸಿಗರೇಟು ಸೇದಿದಂತೆ’ ಎಂಬ ಮಾತು ಎಲ್ಲೆಡೆ ಹಬ್ಬಿತು. ಅದು ತಪ್ಪು. ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸಂಸ್ಕರಿತ ಮಾಂಸ ಹೆಚ್ಚಾಗಿರುವ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳು ಆಗುತ್ತಿರಬಹುದು ಎಂಬ ಅಂದಾಜು ಆಗ ಇತ್ತು; ತಂಬಾಕಿನ ಲೆಕ್ಕ ಸುಮಾರು 10 ಲಕ್ಷ. ದಿನವೂ 50 ಗ್ರಾಂ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 18ರಷ್ಟು ಏರುತ್ತದೆ. ಜೀವಮಾನದಲ್ಲಿ ನೂರಕ್ಕೆ 5 ಸಾಧ್ಯತೆ ಇದ್ದವರಿಗೆ ಅದು ಸುಮಾರು 6 ಆಗುತ್ತದೆ ಎಂದು ಅರ್ಥ. ತಿಂಗಳಿಗೊಮ್ಮೆ ತಿನ್ನುವವರು ಬೆಚ್ಚಬೇಕಿಲ್ಲ. ದಿನವೂ ಬೆಳಿಗ್ಗೆ ಸಾಸೇಜ್ ಹುರಿಯುವ ಮನೆಯವರು ಯೋಚಿಸಲೇಬೇಕು.

ಇಲ್ಲಿ ವಿವಾದದ ವಸ್ತು ಸೋಡಿಯಂ ನೈಟ್ರೈಟ್. ಬೇಯಿಸಿದ ಮಾಂಸ ಸಹಜವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಹ್ಯಾಮ್ ಬೆಂದರೂ ಗುಲಾಬಿಯಾಗೇ ಉಳಿಯಲು ಕಾರಣ, ನೈಟ್ರೈಟ್ ಮಾಂಸದ ಮಯೋಗ್ಲೋಬಿನ್ ಜೊತೆ ಕಟ್ಟಿಕೊಳ್ಳುವ ಬಣ್ಣ. ಆದರೆ ಅದನ್ನು ಬರೀ ಬಣ್ಣಕ್ಕಾಗಿ ಹಾಕುತ್ತಾರೆ ಎನ್ನುವಂತಿಲ್ಲ. ಗಾಳಿ ಸಿಗದ ಸಾಸೇಜ್‌ನೊಳಗೆ ಬೆಳೆಯುವ ಒಂದು ಬ್ಯಾಕ್ಟೀರಿಯ ನರಗಳನ್ನೇ ಸ್ತಬ್ಧಗೊಳಿಸುವ ವಿಷವನ್ನು ಉಂಟುಮಾಡುತ್ತದೆ. ಆ ಕಾಯಿಲೆಯ ಹೆಸರು ಬಾಟುಲಿಸಂ; ಲ್ಯಾಟಿನ್‌ನಲ್ಲಿ ‘ಬೊಟುಲಸ್’ ಎಂದರೆ ಸಾಸೇಜ್. 1820ರ ಸುಮಾರಿಗೆ ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿ ಅದನ್ನು ಮೊದಲು ವಿವರವಾಗಿ ದಾಖಲಿಸಿದ ಜಸ್ಟಿನಸ್ ಕೆರ್ನರ್ ವೈದ್ಯನೂ ಹೌದು, ಕವಿಯೂ ಹೌದು. ಆ ವಿಷವನ್ನು ತನ್ನ ಮೇಲೇ ಪ್ರಯೋಗಿಸಿಕೊಂಡವನು. ಈ ಬ್ಯಾಕ್ಟೀರಿಯವನ್ನು ತಡೆಯುವಲ್ಲಿ ನೈಟ್ರೈಟ್‌ನ ಕೆಲಸ ದೊಡ್ಡದು.

ಕೇಡು ಬರುವುದು ಅದೇ ನೈಟ್ರೈಟ್ ಪ್ರೋಟೀನಿನ ತುಣುಕುಗಳ ಜೊತೆ ಕೂಡಿ ನೈಟ್ರೊಸಮೀನ್ ಆದಾಗ. ಹೆಚ್ಚು ಬಿಸಿಯಲ್ಲಿ ಹುರಿದ ಬೇಕನ್‌ನಲ್ಲಿ ಇದು ಚೆನ್ನಾಗಿ ಕಂಡುಬಂದದ್ದರಿಂದ ಅಮೆರಿಕದಲ್ಲಿ ಬೇಕನ್‌ಗೆ ಹಾಕುವ ನೈಟ್ರೈಟನ್ನು ಹತ್ತು ಲಕ್ಷ ಭಾಗಕ್ಕೆ 120 ಭಾಗ ಎಂದು ಕಟ್ಟಿಹಾಕಿ, ಜೊತೆಗೆ 550 ಭಾಗ ಆಸ್ಕಾರ್ಬೇಟ್ ಅಥವಾ ಎರಿಥಾರ್ಬೇಟ್ ಬೆರೆಸಬೇಕೆಂದು ನಿಯಮ ಮಾಡಿದರು. ಇವು ಸಿ ಜೀವಸತ್ವದ ಬಂಧುಗಳು. ನೈಟ್ರೊಸಮೀನ್ ಆಗುವುದನ್ನು ತಗ್ಗಿಸುತ್ತವೆ. ಇಟಲಿಯ ಪಾರ್ಮಾ ಹ್ಯಾಮ್‌ನವರ ದಾರಿಯೇ ಬೇರೆ. ಹಂದಿಯ ಇಡೀ ತೊಡೆಗೆ ಸಮುದ್ರದ ಉಪ್ಪನ್ನಷ್ಟೇ ಹಚ್ಚಿ ಒಂದು ವರ್ಷಕ್ಕೂ ಮಿಕ್ಕಿ ಗಾಳಿಗೆ ತೂಗುಹಾಕುತ್ತಾರೆ, ನೈಟ್ರೈಟ್ ಇಲ್ಲ. ಹಾಗೆಂದು ಉಪ್ಪು ಕಡಿಮೆಯೇನಲ್ಲ.

ಅಂಗಡಿಯಲ್ಲಿ ಪೊಟ್ಟಣದ ಮುಂಭಾಗ ಓದಿ ಪ್ರಯೋಜನವಿಲ್ಲ, ಹಿಂಭಾಗ ತಿರುಗಿಸಬೇಕು. ಐಎನ್‌ಎಸ್ 249 ಮತ್ತು 250 ಎಂದರೆ ನೈಟ್ರೈಟ್, 251 ಮತ್ತು 252 ನೈಟ್ರೇಟ್, 301 ಮತ್ತು 316 ಮೇಲೆ ಹೇಳಿದ ತಡೆವಸ್ತುಗಳು. ಘಟಕಗಳನ್ನು ತೂಕದ ಇಳಿಕ್ರಮದಲ್ಲಿ ಬರೆದಿರುತ್ತಾರೆ. ಮಾಂಸದ ಬೆನ್ನಿಗೇ ನೀರು, ಪಿಷ್ಟ, ಸೋಯಾ ಬಂದರೆ ಮಾಂಸದ ಬೆಲೆಗೆ ನೀರು ಕೊಂಡಂತೆ. ‘ನೈಟ್ರೈಟ್ ಬೆರೆಸಿಲ್ಲ’ ಎಂದು ದೊಡ್ಡದಾಗಿ ಬರೆದ ವಿದೇಶಿ ಪೊಟ್ಟಣಗಳಲ್ಲಿ ಸೆಲರಿ ಪುಡಿ ಇದೆಯೇ ನೋಡಿ. ಸೆಲರಿಯಲ್ಲಿ ನೈಟ್ರೇಟ್ ಹೇರಳ. ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ. ಗಿಡದಿಂದ ಬಂದರೂ ಡಬ್ಬಿಯಿಂದ ಬಂದರೂ ಅಣು ಒಂದೇ.

ಉಪ್ಪಿನ ಲೆಕ್ಕ ಸುಲಭ: ಸೋಡಿಯಂ ಮಿಲಿಗ್ರಾಂಗಳನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 100 ಗ್ರಾಂನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ 2 ಗ್ರಾಂ ಉಪ್ಪು ಇದ್ದಂತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಬ್ರಿಟನ್ನಿನ ಬಣ್ಣಗುರುತಿನ ಪದ್ಧತಿಯಲ್ಲಿ 100 ಗ್ರಾಂಗೆ ಒಂದೂವರೆ ಗ್ರಾಂ ದಾಟಿದರೆ ಕೆಂಪು. ನಾವೂ ಅದೇ ಅಳತೆ ಇಟ್ಟುಕೊಳ್ಳಬಹುದು.

ಅಡುಗೆಯಲ್ಲಿ ಮುಖ್ಯ ನಿಯಮ, ಕರಕಲು ಮಾಡಬಾರದು. ಬೇಕನ್ ಅನ್ನು ತಣ್ಣೀರಲ್ಲಿ ಹಾಕಿ ಒಂದು ಕುದಿ ಬರಿಸಿ ಬಸಿದರೆ ಸ್ವಲ್ಪ ಉಪ್ಪು ನೀರಿಗಿಳಿಯುತ್ತದೆ. ಫ್ರೆಂಚ್ ಅಡುಗೆಯವರು ಮಾಡುವುದೂ ಹೀಗೆಯೇ. ಆಮೇಲೆ ಸಣ್ಣ ಉರಿಯಲ್ಲಿ ಹುರಿಯಬೇಕು. ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಚೆಲ್ಲಿಬಿಡಿ. ನೈಟ್ರೊಸಮೀನ್ ಸೇರಿಕೊಳ್ಳುವುದು ಅದರಲ್ಲೇ, ರುಚಿ ಇರುವುದೂ ಅದರಲ್ಲೇ ಎಂಬುದು ಬೇಸರದ ಸಂಗತಿ. ಸಾಸೇಜನ್ನು ಕೆಂಡದ ಮೇಲೆ ಸುಡುವುದಕ್ಕಿಂತ ನೀರಲ್ಲಿ ಬೇಯಿಸುವುದು ಮೇಲು. ಇನ್ನೂ ಒಳ್ಳೆಯದು, ಒಬ್ಬರಿಗೆ ಒಂದೇ ಸಾಸೇಜ್ ಹೆಚ್ಚಿ ಹುರುಳಿಕಾಯಿ, ಟೊಮೇಟೊ, ದಪ್ಪ ಮೆಣಸಿನಕಾಯಿ ಪಲ್ಯಕ್ಕೆ ಒಗ್ಗರಣೆಯಂತೆ ಬೆರೆಸುವುದು. ಆಗ ಬೇರೆ ಉಪ್ಪು ಹಾಕಬೇಕಾಗುವುದಿಲ್ಲ. ಸ್ಯಾಂಡ್‌ವಿಚ್‌ಗೆ ಬೇಕಾದದ್ದು ಬರೀ ತೆಳು ಮಾಂಸವಾದರೆ, ಮನೆಯಲ್ಲಿ ಕೋಳಿಯ ಎದೆ ಮಾಂಸ ಬೇಯಿಸಿ ಹೆಚ್ಚಿಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ನೈಟ್ರೈಟ್ ಪುಡಿ ತಂದು ಮನೆಯಲ್ಲೇ ಹ್ಯಾಮ್ ಮಾಡುವ ಸಾಹಸ ಮಾತ್ರ ಕಣ್ಣಳತೆಯವರಿಗಲ್ಲ. ಆ ಪುಡಿಗೆ ಗುಲಾಬಿ ಬಣ್ಣ ಹಾಕುವುದೇ ಯಾರೂ ಅಡುಗೆ ಉಪ್ಪೆಂದು ಬಳಸದಿರಲಿ ಎಂದು.

ಫ್ರಿಜ್‌ನ ತಂಪಿನಲ್ಲೂ ಬೆಳೆಯುವ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯ ಹೆಚ್ಚಿ ಮಾರುವ ತಣ್ಣನೆ ಮಾಂಸಕ್ಕೆ ಸೇರಿಕೊಳ್ಳಬಹುದು. ದಕ್ಷಿಣ ಆಫ್ರಿಕದಲ್ಲಿ 2017–18ರಲ್ಲಿ ಪೊಲೊನಿ ಎಂಬ ಅಗ್ಗದ ಸಾಸೇಜ್‌ನಿಂದ ಹರಡಿ ಸಾವಿರಕ್ಕೂ ಹೆಚ್ಚು ಮಂದಿಗೆ ತಗುಲಿತು, 200ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹಸುಗೂಸುಗಳು ಬಹಳ. ಆದ್ದರಿಂದ ಗರ್ಭಿಣಿಯರು, ವಯಸ್ಸಾದವರು ಪೊಟ್ಟಣದ ಹ್ಯಾಮ್ ಅಥವಾ ಸಲಾಮಿಯನ್ನು ತಣ್ಣಗೆ ತಿನ್ನದೆ ಹಬೆಯಾಡುವವರೆಗೆ, ಅಂದರೆ 74 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಯೇ ತಿನ್ನಬೇಕು. ಒಡೆದ ಪೊಟ್ಟಣವನ್ನು ಐದು ದಿನದೊಳಗೆ ಮುಗಿಸಬೇಕು.